ನೂರಹನ್ನೊಂದು ಯಾರಿಗೆ ಬೇಕು ಸ್ವಾಮಿ?

ಇನ್‌ಕ್ರಿಮೆಂಟ್ ಕೊಡದಿದ್ದರೆ ಜನ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಾರೆ. ಕ್ಯಾಂಟೀನಿನ ಸಾಂಬಾರು ತಿಳಿನೀರಾದರೂ ಉಂಡು ಕೈ ತೊಳೆಯುತ್ತಾರೆ. ಆದರೆ ಒಬ್ಬರ ಇಂಟರ್‌ಕಾಂ ನಂಬರು ಬದಲಾಯಿಸಿ ನೋಡಿ! ತಲೆ ನರೆತ ಸೂಪರಿಂಟೆಂಡೆಂಟರು ಅಡ್ಮಿನ್ ಸೆಕ್ಷನ್ನಿನ ಬಾಗಿಲಲ್ಲಿ ಬಂದು ನಿಂತು, “ಅಂತೂ ನಾನು ಈ ಸಂಸ್ಥೆಗೆ ಬೇಡವಾದೆ ಅನ್ನಿ” ಎನ್ನುತ್ತಾರೆ. ಅವರಿಗೆ ಮೊದಲಿದ್ದದ್ದು 215. ಈಗ ಕೊಟ್ಟಿರುವುದು 251. ಅಂಕಿಗಳು ಅವೇ, ಒಂದನ್ನೂ ಕಿತ್ತುಕೊಂಡಿಲ್ಲ. ಆದರೂ ಪಾಲು ಹಂಚುವಾಗ ಹಿತ್ತಲ ಕೋಣೆ ಸಿಕ್ಕ ತಮ್ಮನ ಮುಖ.

ನಾನು ಆ ಬಾಗಿಲಿನ ಒಳಗಡೆ ಕೂತಿದ್ದವನು. ಅಡ್ಮಿನ್ ಎಂದರೆ ಏನು ಅಂತ ಕೇಳಬೇಡಿ. ಯಾರಿಗೂ ಸೇರದ ಕೆಲಸಗಳನ್ನೆಲ್ಲ ತಂದು ಹಾಕುವ ಜಾಗಕ್ಕೆ ಆ ಹೆಸರು. ಟ್ಯೂಬ್‌ಲೈಟು, ನೀರಿನ ಕ್ಯಾನು, ವಿಸಿಟಿಂಗ್ ಕಾರ್ಡು, ಇವುಗಳ ಜೊತೆಗೆ ಇಂಟರ್‌ಕಾಂ ಲಿಸ್ಟು. ಮೊದಲ ಮೂರಕ್ಕೆ ಯಾರೂ ಜಗಳ ಆಡಿದ್ದಿಲ್ಲ. ನಾಲ್ಕನೆಯದರಲ್ಲಿ ಮನುಷ್ಯ ಸ್ವಭಾವದ ಪಾಠ ಪೂರ್ತಿ ಆಯಿತು.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಆಫೀಸಿನಲ್ಲಿ ನೂರು ಮೇಜಿವೆ ಅಂತ ನೂರು ಟೆಲಿಫೋನ್ ಲೈನು ತೆಗೆದುಕೊಳ್ಳಲು ಯಾವ ಮಾಲೀಕನಿಗೂ ಕೈ ಬರುವುದಿಲ್ಲ. ಎಂಟೋ ಹತ್ತೋ ಲೈನು ತೆಗೆದುಕೊಂಡು, ನಡುವೆ ಒಂದು ಪೆಟ್ಟಿಗೆ ಕೂರಿಸಿ, ಮೇಜಿಗೊಂದು ಫೋನಿಟ್ಟು, ಎಲ್ಲರೂ ಹಂಚಿಕೊಂಡು ಮಾತಾಡಿ ಎನ್ನುತ್ತಾನೆ. ಆ ಪೆಟ್ಟಿಗೆಯ ಶಾಸ್ತ್ರೋಕ್ತ ಹೆಸರು ಇಪಿಎಬಿಎಕ್ಸ್. ಆಫೀಸಿನ ಬಾಯಲ್ಲಿ ಬರೀ ‘ಬೋರ್ಡು’. ಅದರ ಮುಂದೆ ಕೂರುವವರು ಬೋರ್ಡಿನ ಮೇಡಂ. ಮೇಜಿನ ಫೋನಿಗೆ ಬೋರ್ಡು ಕೊಡುವ ಎರಡು, ಮೂರು ಅಥವಾ ನಾಲ್ಕು ಅಂಕಿಯೇ ಎಕ್ಸ್‌ಟೆನ್ಷನ್. ಇಂಥ ಪೆಟ್ಟಿಗೆಗಳ ವಿಷಯದಲ್ಲಿ ನಾವು ಕನ್ನಡಿಗರು ಸ್ವಲ್ಪ ಮೀಸೆ ತಿರುವಬಹುದು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಮಾಡಿದ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಎ.ಸಿ. ಕೇಳಲಿಲ್ಲ, ಧೂಳಿಗೆ ಅಂಜಲಿಲ್ಲ. ಒಂದು ಊರಿನ ಮಾತುಕತೆಗೆ ಆ ಗಾತ್ರದ ಪೆಟ್ಟಿಗೆ ಸಾಕಾಯಿತು. ಅಷ್ಟೇ ಪೋರ್ಟಿನ ಪೆಟ್ಟಿಗೆಯನ್ನು ಇವತ್ತು ಮೂರಂತಸ್ತಿನ ಒಂದು ಆಫೀಸಿಗೆ ಕೊಡಿ, “ನಮ್ಮ ಸೆಕ್ಷನ್ನಿಗೆ ಯಾಕೆ ಕಡಿಮೆ?” ಎಂಬ ಟಿಪ್ಪಣಿ ಸಂಜೆಯೊಳಗೆ ಬರುತ್ತದೆ.

ಸರಿ, ನಂಬರು ಹಂಚೋಣ ಅಂತ ಕೂತರೆ ಮೊದಲ ತಕರಾರು ಮೊದಲ ಅಂಕಿಯಲ್ಲೇ. ಸೊನ್ನೆಯನ್ನು ಮುಟ್ಟುವ ಹಾಗಿಲ್ಲ. ನಮ್ಮ ಕಡೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಹೊರಗಿನ ಲೈನಿನ ಬಾಗಿಲು. ಒಂಬತ್ತು ಬಹಳ ಕಡೆ ಬೋರ್ಡಿನ ಮೇಡಂ ಅವರದು, ಅದಕ್ಕೆ ಕೈ ಹಾಕುವಷ್ಟು ಧೈರ್ಯ ಯಾರಿಗೂ ಇಲ್ಲ. ಒಂದರಿಂದ ಶುರು ಮಾಡೋಣವೇ? 100 ಪೊಲೀಸು, 101 ಅಗ್ನಿಶಾಮಕ, 108 ಆಂಬುಲೆನ್ಸು, ಈಗ ಎಲ್ಲಕ್ಕೂ ಸೇರಿ 112. ಗಾಬರಿಯಲ್ಲಿ ಸೊನ್ನೆ ಮರೆತು 101 ಒತ್ತಿದವನಿಗೆ ಸ್ಟೋರ್ಸ್ ಗುಮಾಸ್ತ ಸಿಕ್ಕಿ, “ಇಂಡೆಂಟ್ ಕಳಿಸಿದೀರಾ?” ಎಂದು ಕೇಳಿದರೆ ಬೆಂಕಿ ಆರುವುದಿಲ್ಲ. ಆದ್ದರಿಂದ ಒಂದರ ಸಾಲನ್ನು ಹಾಗೇ ಬಿಟ್ಟು ಎರಡರಿಂದ ಹಿಡಿಯುವುದೇ ಜಾಣತನ.

ಇದನ್ನು ಎಂ.ಡಿ.ಗೆ ಹೇಳಿ ನೋಡಿ.

“ಈ ಕಂಪನಿಯಲ್ಲಿ ನಂಬರ್ ಒನ್ ಯಾರ್ರೀ?”

“ತಾವೇ ಸಾರ್.”

“ಮತ್ತೆ ನನಗೆ ಇನ್ನೂರಾ ಒಂದು ಯಾಕೆ?”

ಸೊನ್ನೆ, ಒಂಬತ್ತು, ಪೊಲೀಸು, ಅಗ್ನಿ, ಎಲ್ಲ ವಿವರಿಸಿದ ಮೇಲೆ ಅವರು ಸಮಾಧಾನದಿಂದ, “ಸರಿ, ಹಾಗಾದರೆ ಬರೀ ಇಪ್ಪತ್ತು ಕೊಡಿ, ಎರಡೇ ಅಂಕಿ, ನೆನಪಿಡೋಕೆ ಸುಲಭ” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. 20 ಎಂಬುದೊಂದು ನಂಬರು ಹುಟ್ಟಿದರೆ 200ರಿಂದ 209ರವರೆಗಿನ ಹತ್ತು ನಂಬರಿಗೂ ಕುತ್ತು. ಬೋರ್ಡಿಗೆ ಮನಸ್ಸು ಓದಲು ಬರುವುದಿಲ್ಲ. ನೀವು ಎರಡು, ಸೊನ್ನೆ ಒತ್ತಿದ ಕೂಡಲೇ ಅದು ಎಂ.ಡಿ. ಕೋಣೆಗೆ ರಿಂಗ್ ಕೊಟ್ಟುಬಿಡುತ್ತದೆ; ನಿಮ್ಮ ಮೂರನೆಯ ಅಂಕಿಗೆ ಕಾಯುವುದಿಲ್ಲ. ಕಾಯುವ ಹಾಗೆ ಪ್ರೋಗ್ರಾಂ ಮಾಡಿದರೆ ಎಂ.ಡಿ.ಗೆ ಹೋಗುವ ಪ್ರತಿ ಕರೆಯೂ ಮೂರ್ನಾಲ್ಕು ಸೆಕೆಂಡು ತಡ. 204ರ ಟೈಪಿಸ್ಟನ್ನು ಕರೆಯಲು ಹೋಗಿ ಎಂ.ಡಿ.ಯನ್ನೇ ಕರೆದು, “ಏನಮ್ಮಾ, ಕಾಫಿಗೆ ಬರ್ತೀಯಾ?” ಎಂದವರೊಬ್ಬರ ಕಥೆ ನಮ್ಮಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಅವರು ಆಮೇಲೆ ಕಾಫಿಯನ್ನೇ ಬಿಟ್ಟರಂತೆ. ಆಮೇಲೆ ಎಲ್ಲರಿಗೂ ಸಮಾನವಾಗಿ ಮೂರಂಕಿ ಬಂತು. ನಮ್ಮ ಆಫೀಸಿನಲ್ಲಿ ಸಮಾನತೆ ಬಂದದ್ದು ಅಲ್ಲಿ ಮಾತ್ರ.

ಎರಡನೆಯ ತಕರಾರು ಜ್ಯೋತಿಷ್ಯದ್ದು. 420 ಯಾರಿಗೂ ಬೇಡ. ಭಾರತೀಯ ದಂಡ ಸಂಹಿತೆ 2024ರ ಜುಲೈ 1ರಂದು ಮನೆಗೆ ಹೋಯಿತು, ವಂಚನೆ ಈಗ ನ್ಯಾಯ ಸಂಹಿತೆಯ 318ನೇ ಕಲಮಿಗೆ ಬಂದು ಕೂತಿದೆ. ಆದರೂ ಜನರ ಬಾಯಲ್ಲಿ 420 ಇನ್ನೂ 420ಯೇ. 318 ಕೊಟ್ಟರೆ ಖುಷಿಯಾಗಿ ತೆಗೆದುಕೊಂಡು ಹೋಗುತ್ತಾರೆ ಪಾಪ! ನಾಲ್ಕನೆಯ ಮಹಡಿಗೆ 4ರ ಸಾಲು ಬಂದಾಗ 420 ಅಕೌಂಟ್ಸ್ ಸೆಕ್ಷನ್ನಿನ ಪಾಲಿಗೆ ಬಿತ್ತು. ಅವರು ಅದನ್ನು ನಯವಾಗಿ ಪರ್ಚೇಸ್‌ಗೆ ದಾಟಿಸಿದರು. ಪರ್ಚೇಸಿನವರು, “ನಮ್ಮ ಮೇಲೆ ಮೊದಲೇ ಮಾತಿದೆ” ಎಂದು ವಾಪಸು ಕಳಿಸಿದರು. ಕೊನೆಗೆ ಅದನ್ನು ಜೆರಾಕ್ಸ್ ಮೆಷಿನ್ನಿನ ಕೋಣೆಗೆ ಕೊಟ್ಟೆವು. ನಕಲಿನ ಕೆಲಸ ನಡೆಯುವ ಜಾಗ ಅದೊಂದೇ. 302 ಎಚ್‌.ಆರ್‌.ಗೆ ಹೋಯಿತು. ಅದನ್ನು ನಾವು ಬೇಕೆಂದು ಮಾಡಲಿಲ್ಲ, ಮಹಡಿಯ ಲೆಕ್ಕದಲ್ಲಿ ತಾನಾಗಿ ಬಂತು. ಕೆಲಸದಿಂದ ತೆಗೆಯುವ ಕಾಗದಗಳು ಆ ಕೋಣೆಯಿಂದಲೇ ಹೊರಡುತ್ತಿದ್ದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ.

ಕೂಡಿದರೆ ಎಂಟು ಬರುವ ನಂಬರು ಶನಿಯದು ಎಂದು ಬೇಡವೆಂದವರುಂಟು; ಒಂಬತ್ತು ಬರುವ ಹಾಗೆ ಮಾಡಿಕೊಡಿ ಎಂದು ನನಗೇ ಕೂಡುವ ಲೆಕ್ಕ ಕಲಿಸಿದವರುಂಟು. ಇವೆಲ್ಲ ಸರಿ. ಕನ್ನಡದವರಿಗೇ ಮೀಸಲಾದ ಒಂದು ಸಂಕಟವಿದೆ: 111. ದೆಹಲಿ ಕಡೆಯ ಕಂಪನಿಯವನೊಬ್ಬ ಬಂದು ಬೋರ್ಡು ಕೂರಿಸಿದಾಗ ಒಂದರ ಸಾಲನ್ನು ಬಿಡಲಿಲ್ಲ. 111 ಬಹಳ ಒಳ್ಳೆಯ ನಂಬರು, ನೆನಪಿಡಲು ಸುಲಭ ಎಂದು ಅದನ್ನು ಕಸ್ಟಮರ್ ಕೇರಿಗೆ ಕೊಟ್ಟು ಹೋದ. ಗಿರಾಕಿ ಫೋನ್ ಮಾಡಿದರೆ ಬೋರ್ಡಿನ ಮೇಡಂ ಗಂಭೀರವಾಗಿ, “ನಿಮ್ಮ ಕಂಪ್ಲೇಂಟಿಗೆ 111 ಒತ್ತಿ ಸಾರ್” ಎನ್ನಬೇಕು. ಮೂರು ನಾಮ ಹಾಕುತ್ತೇವೆ ಎಂದು ಇಷ್ಟು ಪ್ರಾಮಾಣಿಕವಾಗಿ ಮೊದಲೇ ಹೇಳುವ ಕಂಪನಿ ಮತ್ತೊಂದಿರಲಾರದು.

ನಂಬರಿನ ಮೇಲೆ ಇಷ್ಟು ಮಮತೆ ಇಟ್ಟುಕೊಂಡವರಿಗೆ ಅದು ಹುಟ್ಟಿದ್ದೇ ಒಂದು ಕಾಯಿಲೆಯಿಂದ ಎಂದರೆ ನಂಬುವುದಿಲ್ಲ. ಮೊದಮೊದಲು ಟೆಲಿಫೋನಿಗೆ ನಂಬರೇ ಇರಲಿಲ್ಲ. “ಇಂಥವರಿಗೆ ಕೊಡಿ” ಎಂದು ಹೆಸರು ಹೇಳಿದರೆ ಆಪರೇಟರು ಸಿಕ್ಕಿಸುತ್ತಿದ್ದರು. 1879ರಲ್ಲಿ ಅಮೆರಿಕದ ಲೋವೆಲ್ ಎಂಬ ಊರಿನಲ್ಲಿ ದಡಾರ ಎದ್ದಿತು. ಆಪರೇಟರುಗಳೆಲ್ಲ ಒಟ್ಟಿಗೇ ಮಲಗಿಬಿಟ್ಟರೆ ಯಾರ ತಂತಿ ಯಾವುದು ಅಂತ ಹೊಸಬರಿಗೆ ಹೇಗೆ ತಿಳಿಯಬೇಕು? ಹೆಸರು ಬಿಟ್ಟು ನಂಬರು ಹಾಕಿ ಎಂದು ಸಲಹೆ ಕೊಟ್ಟವರು ಆ ಊರಿನ ವೈದ್ಯರು, ಮೋಸೆಸ್ ಗ್ರೀಲಿ ಪಾರ್ಕರ್. ಹೆಸರಿನ ಮನುಷ್ಯರನ್ನು ನಂಬರಿನಿಂದ ಕರೆದರೆ ಅವಮಾನವೆಂದುಕೊಂಡಾರು ಎಂದು ಕಂಪನಿಯವರು ಹೆದರಿದರಂತೆ. ನಂಬರು ಕೊಟ್ಟರೆ ಅವಮಾನ ಎಂಬ ಭಯ ಅಲ್ಲಿ. ಕೊಟ್ಟ ನಂಬರು ಕಿತ್ತುಕೊಂಡರೆ ಅವಮಾನ ನಮ್ಮ ಸೂಪರಿಂಟೆಂಡೆಂಟರಿಗೆ.

ಆಪರೇಟರನ್ನೇ ನಡುವಿನಿಂದ ತೆಗೆದುಹಾಕಿದವನು ಅಲ್ಮನ್ ಸ್ಟ್ರೌಜರ್. ಕಾನ್ಸಾಸ್ ಸಿಟಿಯಲ್ಲಿ ಹೆಣಗಳ ಅಂತ್ಯಕ್ರಿಯೆ ಮಾಡಿಸಿಕೊಡುವ ವ್ಯಾಪಾರ ಅವನದು. ಎದುರಾಳಿ ವ್ಯಾಪಾರಿಯ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದಳು, ಸತ್ತವರ ಮನೆಯ ಕರೆಗಳನ್ನೆಲ್ಲ ಗಂಡನಿಗೇ ಕೊಡುತ್ತಿದ್ದಳು ಎಂಬುದು ಅವನ ಅನುಮಾನ ಅಂತ ಕಥೆ. ಸಿಟ್ಟಿನಲ್ಲಿ ಕೂತು ಆಪರೇಟರಿಲ್ಲದ ಎಕ್ಸ್‌ಚೇಂಜನ್ನೇ ಮಾಡಿ 1891ರಲ್ಲಿ ಪೇಟೆಂಟು ಪಡೆದ. ಬೇರೆಯವರು ಇಂಥ ಸಿಟ್ಟಿಗೆ ಮೂಕರ್ಜಿ ಬರೆಯುತ್ತಾರೆ.

ಇರಲಿ, ಮೂಲ ವ್ಯಾಜ್ಯಕ್ಕೆ ಬರೋಣ. ನಂಬರು ಯಾರದು? ಕುರ್ಚಿಯದೋ, ಕೂತವರದೋ? ಹಳೆಯ ಬಗೆಯ ಬೋರ್ಡನ್ನು ಕೇಳಿದರೆ ಇಬ್ಬರದೂ ಅಲ್ಲ, ಗೋಡೆಯದು ಎನ್ನುತ್ತದೆ. ಬೋರ್ಡಿನೊಳಗಿನ ಕಾರ್ಡಿನಿಂದ ಒಂದು ಜೋಡಿ ತಂತಿ ಹೊರಟು, ಕ್ರೋನ್ ಬಾಕ್ಸಿಗೆ ಬಂದು, ಅಲ್ಲಿಂದ ಗೋಡೆಯ ಸಾಕೆಟ್ಟಿಗೆ ಇಳಿಯುತ್ತದೆ. ಆ ಸಾಕೆಟ್ಟಿಗೆ ಯಾವ ಫೋನು ಚುಚ್ಚಿದರೂ ಅದೇ ನಂಬರು. ಇದು ಗೊತ್ತಿಲ್ಲದ ಡೆಪ್ಯುಟಿ ಮ್ಯಾನೇಜರೊಬ್ಬರು ಸೀಟು ಬದಲಾದ ದಿನ ತಮ್ಮ ಫೋನನ್ನು ತೊಟ್ಟಿಲ ಮಗುವಿನಂತೆ ಎದೆಗವಚಿಕೊಂಡು ಎರಡು ಮಹಡಿ ಹತ್ತಿ ಹೊಸ ಮೇಜಿನ ಮೇಲಿಟ್ಟುಕೊಂಡರು. “ನಂಬರು ಬಿಡಲಿಲ್ಲ ನೋಡಿ, ಜೊತೆಗೇ ತಂದೆ” ಎಂದು ಎಲ್ಲರಿಗೂ ಹೇಳಿದರು. ಅವತ್ತಿಡೀ ಅವರಿಗೆ ಬಂದದ್ದು ಡೆಸ್ಪ್ಯಾಚ್ ಸೆಕ್ಷನ್ನಿನ ಕರೆಗಳು. ಅವರಿಗೆ ಬರಬೇಕಾದವು ಕೆಳಗಿನ ಮಹಡಿಯಲ್ಲಿ, ಫೋನೇ ಇಲ್ಲದ ಬರಿ ಗೋಡೆಗೆ ರಿಂಗಾಗುತ್ತಿದ್ದವು.

ನಂಬರನ್ನು ನಿಜವಾಗಿ ಸಾಗಿಸುವವನು ಎ.ಎಂ.ಸಿ., ಅಂದರೆ ಬೋರ್ಡಿನ ವಾರ್ಷಿಕ ರಿಪೇರಿ ಗುತ್ತಿಗೆಯ ಹುಡುಗ. ಬೆನ್ನ ಮೇಲೆ ಬ್ಯಾಗು, ಕೈಯಲ್ಲಿ ಕ್ರೋನ್ ಟೂಲು, ಭುಜಕ್ಕೆ ತಗುಲಿಹಾಕಿದ ಟೆಸ್ಟ್ ಫೋನು. ಬಾಕ್ಸಿನ ಮುಚ್ಚಳ ತೆಗೆದರೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ ಬಣ್ಣದ ತಂತಿಗಳು. ಪ್ರತಿಯೊಂದಕ್ಕೂ ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆಗಳಲ್ಲೊಂದು ಸಂಗಾತಿ. ಐದೈದಲಿ ಇಪ್ಪತ್ತೈದು ಜೋಡಿ, ಒಂದರಂತೆ ಇನ್ನೊಂದಿಲ್ಲ. ಇಷ್ಟು ಶಿಸ್ತಿನ ಏರ್ಪಾಡಿನ ಮೇಲೆ ಹಿಂದಿನ ಹುಡುಗರೆಲ್ಲ ಎಳೆದು ಹೋದ ಜಂಪರ್ ತಂತಿಗಳು ಸಿಕ್ಕುಗಟ್ಟಿ ಕೂತಿರುತ್ತವೆ. ಅವನು ತಲೆ ಕೆರೆದುಕೊಂಡು, “ಸಾರ್, ಇದನ್ನ ಯಾರು ಮಾಡಿದ್ದು?” ಎನ್ನುತ್ತಾನೆ. ಅವನ ಮುಂದಿನವನೂ ಅದನ್ನೇ ಕೇಳುತ್ತಾನೆ. ತಂತಿ ಮುಟ್ಟದೆ ಬೋರ್ಡಿನ ಪ್ರೋಗ್ರಾಮಿನಲ್ಲೇ ಎರಡು ಪೋರ್ಟಿನ ನಂಬರು ಅದಲುಬದಲು ಮಾಡಬಹುದು, ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಪಾಸ್‌ವರ್ಡು ಬೇಕು. ಅದು ಕೆಲಸ ಬಿಟ್ಟು ಹೋದ ಹುಡುಗನ ತಲೆಯಲ್ಲಿದೆ, ಇಲ್ಲದಿದ್ದರೆ 1234.

ಐಪಿ ಫೋನು ಬಂದ ಮೇಲೆ ನ್ಯಾಯ ತಿರುಗಿತು. ಅಲ್ಲಿ ನಂಬರು ಗೋಡೆಯಲ್ಲಿಲ್ಲ, ಲಾಗಿನ್ನಿನಲ್ಲಿದೆ. ಮನುಷ್ಯ ಎಲ್ಲಿ ಹೋದರೂ ಹಿಂದೆಯೇ ಬರುತ್ತದೆ, ಲ್ಯಾಪ್‌ಟಾಪಿನಲ್ಲೂ ಮೊಬೈಲಿನಲ್ಲೂ ರಿಂಗಾಗುತ್ತದೆ. ಸೀಟಲ್ಲಿಲ್ಲ ಎಂಬ ಕನ್ನಡನಾಡಿನ ಅತ್ಯಂತ ಪುರಾತನ ಆಫೀಸು ಸತ್ಯಕ್ಕೆ ಇದರಿಂದ ಬಿದ್ದ ಪೆಟ್ಟು ಸಣ್ಣದಲ್ಲ.

ನನ್ನ ತೀರ್ಪು ಬೇರೆ. ನಂಬರು ಗೋಡೆಗೂ ಬೇಡ, ಮನುಷ್ಯನಿಗೂ ಬೇಡ, ಕೆಲಸಕ್ಕಿರಲಿ. ಬಿಲ್ಲು ಪಾಸು ಮಾಡುವವರಿಗೆ ಒಂದು, ಗೇಟ್‌ಪಾಸು ಕೊಡುವವರಿಗೆ ಒಂದು, ರಜೆ ಬರೆಯುವವರಿಗೆ ಒಂದು. ಕೂತವರು ಬದಲಾದರೂ ಅದು ಬದಲಾಗಕೂಡದು. ಹೀಗೆ ಮಾಡದಿದ್ದರೆ ಆಗುವುದೇನು? ನಿವೃತ್ತರಾದ ಹಿರಿಯರೊಬ್ಬರ ನಂಬರು ಹೊಸದಾಗಿ ಸೇರಿದ ಹುಡುಗಿಗೆ ಹೋಯಿತು. ಹಿರಿಯರು ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಂಡು ಹಾಯಾಗಿದ್ದಾರೆ. ಇವಳು ವರ್ಷಗಟ್ಟಲೆ ಅವರ ಸಪ್ಲೈಯರುಗಳಿಗೆ, ಚೀಟಿ ಗೆಳೆಯರಿಗೆ, ಸೀಮೆಯ ನೆಂಟರಿಗೆ ಉತ್ತರ ಕೊಟ್ಟಳು. “ಅವರು ರಿಟೈರ್ ಆದ್ರು ಸಾರ್.” “ಹೌದಾ? ಮತ್ತೆ ನೀವು ಮಗಳೇನಮ್ಮ?” ಕೊನೆಕೊನೆಗೆ ಅವಳಿಗೆ ಆ ತೋಟದ ಕೊಳೆರೋಗದ ಸುದ್ದಿಯೂ ಗೊತ್ತಿರುತ್ತಿತ್ತು.

ನಂಬರು ಸಿಕ್ಕ ಮೇಲೆ ಅದರ ಜಾತಿ ಯಾವುದು ಎಂಬ ಪ್ರಶ್ನೆ. ಬೋರ್ಡಿನಲ್ಲಿ ಪ್ರತಿ ಎಕ್ಸ್‌ಟೆನ್ಷನ್ನಿಗೂ ಒಂದು ದರ್ಜೆ ಬರೆದಿರುತ್ತಾರೆ: ಒಳಗೆ ಮಾತ್ರ, ಲೋಕಲ್, ಎಸ್‌ಟಿಡಿ, ಐಎಸ್‌ಡಿ. ಟ್ರಂಕ್ ಕರೆಗೆ ದುಡ್ಡು ಸುರಿಯುತ್ತಿದ್ದ ಕಾಲದಲ್ಲಿ ಆಫೀಸಿನ ನಿಜವಾದ ಪದವಿ ಇದೇ. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದಿದ್ದರೂ, “ನಿಮ್ಮ ಫೋನಿಗೆ ಎಸ್‌ಟಿಡಿ ಇದೆಯಾ?” ಎಂದು ಯಾರಾದರೂ ಕೇಳಿದರೆ ಮುಖ ಕೆಳಗಾಗುತ್ತಿತ್ತು. ಇದ್ದವರ ಕೋಣೆಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ಇರದಿರುವಾಗ ಜನ ಸೇರುತ್ತಿದ್ದರು. ತಿಂಗಳ ಕೊನೆಗೆ ಬಿಲ್ಲು ಬಂದಾಗ, ಜಿ.ಎಂ. ಸಾಹೇಬರು ದಿನಾ ಒಂದೂಕಾಲಕ್ಕೆ ಹುಬ್ಬಳ್ಳಿಯ ಒಂದೇ ಮನೆಗೆ ಮಾತಾಡಿದ್ದಾರೆಂದು ತಿಳಿದು, ಅವರ ಶ್ರೀಮತಿಯವರಿಗಿಂತ ಮೊದಲು ನಾನು ಗಾಬರಿಯಾಗಿದ್ದೆ. ಹುಬ್ಬಳ್ಳಿಯಲ್ಲಿದ್ದದ್ದು ಅಟೆಂಡರನ ಅಕ್ಕ.

ಎಲ್ಲ ಲಿಸ್ಟಿನಲ್ಲೂ ಮೊದಲು ನನ್ನ ಹೆಸರಿರಲಿ ಎನ್ನುವವರು ಕೊನೆಯಲ್ಲಿರಲಿ ಎಂದು ಅಂಗಲಾಚುವ ಲಿಸ್ಟು ಒಂದಿದೆ. ಅದರ ಹೆಸರು ಹಂಟ್ ಗ್ರೂಪು. ಹೊರಗಿನವರು ಒಂದೇ ನಂಬರಿಗೆ ಕರೆದರೆ ಬೋರ್ಡು ಆ ಗುಂಪಿನ ಮೊದಲನೆಯವರಿಗೆ ಕೊಡುತ್ತದೆ. ಅವರು ಮಾತಿನಲ್ಲಿದ್ದರೆ ಎರಡನೆಯವರಿಗೆ, ಆಮೇಲೆ ಮೂರನೆಯವರಿಗೆ. ಹಾಗಾಗಿ ಮೊದಲನೆಯವರಿಗೆ ಬೆಳಗಿನಿಂದ ಸಂಜೆಯವರೆಗೆ ಬೈಗುಳ, ಐದನೆಯವರಿಗೆ ನಿದ್ದೆ. ಪ್ರತಿ ಸಲ ಹಿಂದಿನ ಕರೆ ತೆಗೆದುಕೊಂಡವರ ಮುಂದಿನವರಿಂದ ಶುರುವಾಗುವಂತೆ ಸುತ್ತು ಹಾಕಿಸಬಹುದು. ಹಾಕಿಸಿದೆವು. ಐದನೆಯವರು ಮಾತು ಬಿಟ್ಟರು.

ಕರೆ ವರ್ಗಾವಣೆ ಮಾಡಿಸಿಕೊಳ್ಳುವ ಗಿರಾಕಿಯ ಪಾಡು ಕೇಳಬೇಡಿ. “ಲೈನಲ್ಲಿರಿ ಸಾರ್” ಎಂದ ಕೂಡಲೇ ಸಂಗೀತ. ಈ ಹೋಲ್ಡ್ ಸಂಗೀತವೂ ಒಂದು ಆಕಸ್ಮಿಕ. ಆಲ್ಫ್ರೆಡ್ ಲೆವಿ ಎಂಬ ಅಮೆರಿಕದ ಕಾರ್ಖಾನೆ ಮಾಲೀಕನ ಫೋನಿನಲ್ಲಿ ಸಡಿಲವಾದ ತಂತಿಯೊಂದು ಕಬ್ಬಿಣದ ತೊಲೆಗೆ ತಗುಲಿ, ಪಕ್ಕದ ರೇಡಿಯೋ ಸ್ಟೇಷನ್ನಿನ ಹಾಡು ಕಾಯುತ್ತಿದ್ದವರಿಗೆ ಕೇಳಿಸತೊಡಗಿತಂತೆ. ಅವನು 1966ರಲ್ಲಿ ಅದಕ್ಕೆ ಪೇಟೆಂಟು ಪಡೆದ. ನಮ್ಮ ದೇಶದ ಬೋರ್ಡುಗಳಿಗೆ ಬೀಥೋವನ್ ಎಂದರೆ ಪ್ರಾಣ. ‘ಫ್ಯೂರ್ ಎಲಿಸೆ’ಯ ಮೊದಲ ಎರಡು ಸಾಲು, ಮತ್ತೆ ಮತ್ತೆ. ಹಿಂದೆ ಬರುವ ಕಾರುಗಳಿಗೂ ಅದೇ ರಾಗವಾದ್ದರಿಂದ, ಹೋಲ್ಡಿನಲ್ಲಿದ್ದಾಗ ಎಷ್ಟೋ ಸಲ ನಾನು ತಿರುಗಿ ನೋಡಿದ್ದೇನೆ.

ತಮಾಷೆ ಮಾಡಲಾಗದ ಒಂದು ವಿಷಯವೂ ಇದೇ ಪೆಟ್ಟಿಗೆಯಲ್ಲಿದೆ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಹೋಟೆಲ್ ಕೋಣೆಯಲ್ಲಿ ಕಾರಿ ಹಂಟ್ ಎಂಬ ಮಹಿಳೆಯ ಕೊಲೆಯಾಯಿತು. ಒಂಬತ್ತು ವರ್ಷದ ಮಗಳು ಅಲ್ಲೇ ಇದ್ದಳು. ಶಾಲೆಯಲ್ಲೋ ಮನೆಯಲ್ಲೋ ಕಲಿಸಿದ ಹಾಗೆ 911 ಒತ್ತಿದಳು, ನಾಲ್ಕು ಸಲ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಅದು ಮಗುವಿಗೆ ಹೇಗೆ ಗೊತ್ತಿರಬೇಕು? ಅಜ್ಜ ಹೋರಾಡಿದರು, 2018ರಲ್ಲಿ ಕಾರಿಯ ಹೆಸರಿನಲ್ಲೇ ಕಾನೂನು ಬಂತು. 2020ರ ಫೆಬ್ರವರಿಯಿಂದ ಅಲ್ಲಿ ಹೊಸದಾಗಿ ಕೂರಿಸುವ ಬೋರ್ಡುಗಳಲ್ಲಿ 911 ಮುಂದೆ ಏನೂ ಇಲ್ಲದೆ ನೇರವಾಗಿ ಹೋಗಬೇಕು, ಹೋದದ್ದು ಆ ಕಟ್ಟಡದ ಮುಂಬಾಗಿಲಿನವರಿಗೂ ತಿಳಿಯಬೇಕು. ನಮ್ಮ ಲಾಡ್ಜುಗಳಲ್ಲಿ, ಹಾಸ್ಟೆಲುಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಇರುವುದೂ ಇಂಥದೇ ಪೆಟ್ಟಿಗೆ. ಒಂದರ ಸಾಲನ್ನು ಮುಟ್ಟಬೇಡಿ ಎಂದು ಎಂ.ಡಿ.ಯ ಮುಂದೆ ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲಿದೆ, ಮೇಜಿನ ಫೋನಿನ ಮೇಲೆ ಧೂಳಿದೆ, ಎದುರು ಮೇಜಿನವನಿಗೂ ವಾಟ್ಸ್ಆ್ಯಪ್‌ನಲ್ಲೇ “ಊಟ ಆಯ್ತಾ?” ಅನ್ನುತ್ತಾರೆ. ಆದರೂ ಬೋರ್ಡು ಸತ್ತಿಲ್ಲ. ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಇವತ್ತಿಗೂ ಗೋಡೆಯ ಮೇಲೆ ಆ ಲಿಸ್ಟಿದೆ: ಟೈಪಾದ ಹೆಸರೊಂದು, ಅದನ್ನು ಹೊಡೆದು ಪೆನ್ನಿನಲ್ಲಿ ಬರೆದದ್ದೊಂದು, ಅದರ ಮೇಲೆ ವೈಟ್ನರ್ ಬಳಿದು ಮತ್ತೊಂದು.

ನಿಮ್ಮಲ್ಲಿ ಯಾರಾದರೂ ಈ ಲಿಸ್ಟಿನ ಉಸ್ತುವಾರಿ ಹೊತ್ತ ಪುಣ್ಯಾತ್ಮರಿದ್ದರೆ ಒಂದಿಷ್ಟು ಕೋರಿಕೆ. ಹೆಸರು ತೆಗೆದು ಕೆಲಸ ಬರೆಯಿರಿ. ಕೆಳಗೆ ತಾರೀಖು ಹಾಕಿ. ತಾರೀಖಿಲ್ಲದ ಲಿಸ್ಟನ್ನು ಕಿತ್ತು ಬಿಸಾಡಿ. ಪಾಸ್‌ವರ್ಡನ್ನು ಇಬ್ಬರ ಹತ್ತಿರ ಇಡಿ. ಆಮೇಲೆ ಎ.ಎಂ.ಸಿ. ಹುಡುಗ ಮುಂದಿನ ಸಲ ಬಂದಾಗ ಹಿಡಿದು ನಿಲ್ಲಿಸಿ, ಸೊನ್ನೆ ಒತ್ತದೆ 112 ಹೋಗುತ್ತದೆಯೋ ಇಲ್ಲವೋ ಎಂದು ಕೇಳಿ. ಇಲ್ಲ ಎಂದರೆ, ಅದನ್ನು ಸರಿ ಮಾಡುವ ತನಕ ಅವನ ಬಿಲ್ಲಿಗೆ ಸಹಿ ಹಾಕಬೇಡಿ.